ಇದ್ದಿಲು ಗೂಡಿನ ಪುಕ್ಕಲಣ್ಣ

ನಮ್ಮನೆಯವರಷ್ಟು ಪುಕ್ಕಲು ಮನುಷ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಂಡನ ಬಗ್ಗೆ ಹಾಗೆಲ್ಲ ಆಡಬಾರದು ಎಂದು ಅತ್ತೆ ಬದುಕಿದ್ದಾಗ ನನ್ನನ್ನು ಗದರುತ್ತಿದ್ದರು. ಆಡಿದರೆ ಏನು ಕೊಳ್ಳೆ ಹೋಗುತ್ತದೆ? ಮನೆಯಲ್ಲಿ ಹೆದರುವ ಕೆಲಸವನ್ನೆಲ್ಲ ಅವರೊಬ್ಬರೇ ವಹಿಸಿಕೊಂಡಿದ್ದರು, ನನ್ನ ಪಾಲಿಗೆ ಉಳಿದದ್ದು ಬಾಯಿ ಮಾಡುವುದೊಂದೇ.

ಮಲಗುವ ಮುಂಚೆ ಒಲೆ ಆರಿದೆಯೇ ಎಂದು ನೋಡುತ್ತಾರೆ. ಮಲಗಿದ ಮೇಲೆ ಎದ್ದು ಹೋಗಿ ಮತ್ತೆ ನೋಡುತ್ತಾರೆ. ರೋಪ್‌ವೇಯಲ್ಲಿ ಕೂತರೆ ಮೇಲೆ ತಲುಪುವವರೆಗೂ ಕಣ್ಣು ಬಿಡುವುದಿಲ್ಲ. ಒಮ್ಮೆ ಪಕ್ಕದಲ್ಲಿದ್ದ ಯಾರೋ ಗುರುತಿಲ್ಲದ ಹೆಂಗಸಿನ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಳ್ಳ ಎಂದು ಬೈಸಿಕೊಂಡು ಬಂದಿದ್ದರು. ಮದುವೆ ಮಾತಿಗೆ ನಮ್ಮ ಮನೆಗೆ ಬಂದ ದಿನ ಮರದ ಮೆಟ್ಟಿಲನ್ನು ಒಂದೊಂದಾಗಿ ಕಾಲಲ್ಲಿ ಒತ್ತಿ ನೋಡಿಯೇ ಹತ್ತಿದವರು. ಹುಡುಗಿಯ ಮುಖ ನೋಡುವ ಮೊದಲು ಮೆಟ್ಟಿಲು ನೋಡಿದ ಗಂಡು ಎಂದು ನನ್ನ ತಂಗಿಯರು ಇವತ್ತಿಗೂ ಆಡಿಕೊಳ್ಳುತ್ತಾರೆ.

ನಮ್ಮದು ಬೆಟ್ಟದ ಮೇಲಿನ ಊರು. ಒಂದು ಕಾಲದಲ್ಲಿ ಇಲ್ಲಿ ಕಸುಬುಗಳಿದ್ದವು, ಈಗ ಮ್ಯೂಸಿಯಂಗಳಿವೆ. ಬಸ್ ನಿಲ್ದಾಣದಲ್ಲಿ ಇಳಿದರೆ ದೊಡ್ಡದೊಂದು ಬೋರ್ಡು ಕಾಣುತ್ತದೆ, ನೋಡಲೇಬೇಕಾದ ಜಾಗಗಳು ಎಂದು. ಗಡಿಯಾರದ ಮ್ಯೂಸಿಯಂ, ಗಾಜು ಊದುವ ಮನೆ, ಗಂಟೆ ಎರಕದ ಶಾಲೆ, ಎಲ್ಲ ಆದಮೇಲೆ ಕೊನೆಗೆ ಒಂದು ಬಾಣದ ಗುರುತು, ಅದರ ತುದಿಯಲ್ಲಿ ನಾವು: ಹಳೆಯ ಕಸುಬುಗಳ ಬಯಲು ಮ್ಯೂಸಿಯಂ. ಇಳಿಜಾರಿನ ಹುಲ್ಲುಗಾವಲಿನಲ್ಲಿ ಕಮ್ಮಾರನ ಕುಲುಮೆಯಿದೆ, ನೀರಿನಿಂದ ತಿರುಗುವ ಬೀಸುಕಲ್ಲಿದೆ, ನಾನು ಉಣ್ಣೆ ಹಿಂಜುವ ಗುಡಿಸಲಿದೆ. ಟಿಕೆಟ್ ತೆಗೆದುಕೊಂಡು ಬಂದವರು ನನ್ನೆದುರು ನಿಂತು, "ನಿಜವಾಗ್ಲೂ ಇದೇ ಕೆಲಸ ಮಾಡ್ತಿದ್ರಾ ನೀವು?" ಎಂದು ಕೇಳುತ್ತಾರೆ. "ಇಲ್ಲಪ್ಪ, ನಾಟಕದ ಕಂಪನಿಯಿಂದ ಬಂದಿದೀನಿ," ಎನ್ನುತ್ತೇನೆ. ಕೆಲವರು ನಂಬಿಯೂ ಬಿಡುತ್ತಾರೆ.

ಎಲ್ಲಕ್ಕಿಂತ ಕೊನೆಗೆ, ಕಾಡಿನ ಅಂಚಿನಲ್ಲಿ ನಮ್ಮನೆಯವರ ಇದ್ದಿಲು ಗೂಡು. ಅದೇನೆಂದು ಹೇಳದಿದ್ದರೆ ಅವರ ಹೆದರಿಕೆ ಯಾರಿಗೂ ಅರ್ಥವಾಗುವುದಿಲ್ಲ. ಸೀಳಿದ ಕಟ್ಟಿಗೆಯನ್ನು, ನಡುವೆ ಒಂದು ಹೊಗೆಗಂಡಿ ಬಿಟ್ಟು, ಸುತ್ತಲೂ ನೆಟ್ಟಗೆ ಒರಗಿಸುತ್ತ ಹೋಗುತ್ತಾರೆ. ಆಳೆತ್ತರಕ್ಕಿಂತ ಮೇಲೆ ಎದ್ದು, ಬೋರಲು ಹಾಕಿದ ಬಾಣಲೆಯ ಹಾಗೆ ಕಾಣುತ್ತದೆ. ಅದರ ಮೇಲೆ ಹಸಿ ಎಲೆ, ಎಲೆಯ ಮೇಲೆ ಮಣ್ಣಿನ ಹೊದಿಕೆ. ಗಂಡಿಯೊಳಗೆ ಕೆಂಡ ಇಳಿಸಿ ಬಾಯಿ ಮುಚ್ಚಿದರೆ, ಒಳಗಿನ ಕಟ್ಟಿಗೆ ಧಗಧಗ ಉರಿಯದೆ, ಹೊಗೆಯಾಡುತ್ತ ದಿನಗಟ್ಟಲೆ ಬೇಯುತ್ತದೆ. ಬೆಂದಷ್ಟೂ ಕುಗ್ಗುತ್ತದೆ. ಕುಗ್ಗಿದ ಕಡೆ ಮಣ್ಣಿನ ಕೆಳಗೆ ಟೊಳ್ಳು ಬೀಳುತ್ತದೆ. ಅದನ್ನು ನಾವು ಹೊಟ್ಟೆ ಎನ್ನುತ್ತೇವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮಣ್ಣು ಮಣ್ಣಿನ ಹಾಗೆಯೇ ಇರುತ್ತದೆ, ಕೆಳಗೆ ಕೆಂಡ ಬಾಯಿ ತೆರೆದುಕೊಂಡಿರುತ್ತದೆ.

ಆದ್ದರಿಂದ ಒಬ್ಬರು ಗೂಡಿನ ಮೇಲೆ ಏಣಿ ಮಲಗಿಸಿ, ಅದರ ಮೆಟ್ಟಿಲ ಮೇಲೆಯೇ ಕಾಲಿಟ್ಟು, ಕೊಡತಿಯಿಂದ ಮಣ್ಣನ್ನು ಬಡಿದು ನೋಡಬೇಕು. ಗಟ್ಟಿಯಿದ್ದರೆ ದಬ್ಬೆನ್ನುತ್ತದೆ, ಹೊಟ್ಟೆಯಿದ್ದರೆ ಡೋಲು ಬಡಿದ ಸದ್ದು. ಸದ್ದು ಬಂದ ಕಡೆ ತೆರೆದು, ಸಣ್ಣ ಕಟ್ಟಿಗೆ ತುಂಬಿ, ಗಾಳಿ ನುಗ್ಗುವ ಮೊದಲೇ ಮುಚ್ಚಬೇಕು. ಇದಕ್ಕೆ ತುತ್ತು ಕೊಡುವುದು ಎಂದು ಮುದ್ದಾದ ಹೆಸರು. ಏಣಿಯಿಂದ ಕಾಲು ಜಾರಿತೋ, ತುತ್ತಾಗುವವರು ನಾವೇ.

ಮೇಲೆ ಹೋದವರು ಹೊಗೆಯಲ್ಲಿ ಕಾಣುವುದಿಲ್ಲ. ಅದಕ್ಕೇ ಕೆಳಗೆ ಒಬ್ಬರು ನಿಲ್ಲಲೇಬೇಕು. ಕೆಳಗಿನವರು ಬಿಟ್ಟೂ ಬಿಡದೆ "ಇದ್ದೀಯಾ?" ಎಂದು ಕೂಗುತ್ತಿರಬೇಕು, ಮೇಲಿನವರು "ಇದ್ದೀನಿ" ಎನ್ನುತ್ತಿರಬೇಕು. ಆ ಹೊತ್ತಿನಲ್ಲಿ ಬೇರೆ ಮಾತಿಲ್ಲ, ಬೇರೆ ಕೆಲಸವಿಲ್ಲ.

ನಮ್ಮನೆಯವರ ಅಣ್ಣ ಹೀಗೆಯೇ ಮೇಲೆ ಹೋದವರು ಒಂದು ದಿನ "ಇದ್ದೀನಿ" ಎನ್ನಲಿಲ್ಲ. ಕೆಳಗೆ ನಿಂತು ಕೂಗುತ್ತಿದ್ದವರು ಇವರು, ಇನ್ನೂ ಮೀಸೆ ಮೂಡದ ವಯಸ್ಸು. ಇದನ್ನು ನನಗೆ ಹೇಳಿದ್ದು ಅತ್ತೆ. ಜನ ಓಡಿಬಂದು ಗೂಡು ಒಡೆದು, ಆಗಬಾರದ್ದೆಲ್ಲ ಆಗಿ ಮುಗಿದ ಮೇಲೂ ಇವರು ಕೂಗುವುದನ್ನು ನಿಲ್ಲಿಸಿರಲಿಲ್ಲವಂತೆ. ಎತ್ತಿಕೊಂಡು ಮನೆಗೆ ತಂದರೆ ಮನೆಯೊಳಗೂ ಕೂಗುತ್ತಿದ್ದರಂತೆ. ಇಷ್ಟು ವರ್ಷ ಸಂಸಾರ ಮಾಡಿದರೂ ಇವರು ನನ್ನ ಮುಂದೆ ಅಣ್ಣನ ಸುದ್ದಿ ಎತ್ತಿದವರಲ್ಲ. ನಾನು ಬಾಯಿಬಡುಕಿ ನಿಜ, ಆದರೂ ಅದೊಂದನ್ನು ಕೆದಕಲು ನನಗೆ ಮನಸ್ಸು ಬರಲಿಲ್ಲ.

ಗ್ಯಾಸು ಬಂದು ಇದ್ದಿಲು ಕೇಳುವವರಿಲ್ಲದಂತಾದಾಗ ಊರಿನವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರೆ, ಇವರೊಬ್ಬರು ನೆಮ್ಮದಿಯ ಉಸಿರು ಬಿಟ್ಟರು. ಗಡಿಯಾರದ ಮ್ಯೂಸಿಯಂನಲ್ಲಿ ಕಾವಲಿನ ಕೆಲಸ ಸಿಕ್ಕಿತು. ಕುರ್ಚಿಯಲ್ಲಿ ಕೂತು "ಮುಟ್ಟಬೇಡಿ, ಮುಟ್ಟಬೇಡಿ" ಎನ್ನುವ ಕೆಲಸ, ಇವರಿಗೆಂದೇ ಹೇಳಿ ಮಾಡಿಸಿದ ಹಾಗಿತ್ತು. ಅಷ್ಟರಲ್ಲಿ ಬಯಲು ಮ್ಯೂಸಿಯಂ ಶುರುವಾಯಿತು. ಇದ್ದಿಲು ಗೂಡನ್ನೂ ಕಟ್ಟಿಸುತ್ತಾರಂತೆ, ಯಾರೋ ಬಡಗಿ ಹಳೆಯ ಫೋಟೋ ನೋಡಿಕೊಂಡು ಕಟ್ಟುತ್ತಾನಂತೆ ಎಂದು ಸುದ್ದಿ ಬಂತು. ಆವತ್ತು ಇವರು ಅರ್ಧ ಊಟಕ್ಕೇ ಎದ್ದರು.

"ಅವರು ಸಾಯ್ತಾರೆ ಕಣೇ," ಎಂದರು.

"ಹೋಗಿ ಹೇಳಿ ಮತ್ತೆ. ನನ್ನ ಹತ್ರ ಹೇಳಿದ್ರೆ ಬಡಗಿ ಉಳೀತಾನಾ?" ಎಂದೆ.

ಹೇಳಿಬರಲು ಹೋದವರು ಕೆಲಸ ಹಿಡಿದುಕೊಂಡು ಬಂದರು. ಹೆದರಿ ಕೆಲಸ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ, ಹೆದರಿ ಕೆಲಸಕ್ಕೆ ಸೇರಿದವರು ನನ್ನ ಗಂಡನೊಬ್ಬರೇ ಇರಬೇಕು.

ಅಲ್ಲಿ ಅವರದು ದಿನಾ ಒಂದೇ ರಾಗ. ಬೆಳಿಗ್ಗೆ ಗೂಡಿನ ಸುತ್ತ ಬರುತ್ತಾರೆ, ಉದ್ದನೆಯ ಗಳುವಿನಿಂದ ಎಲ್ಲ ಕಡೆ ತಟ್ಟುತ್ತಾರೆ, ಕಿವಿಗೊಟ್ಟು ನಿಲ್ಲುತ್ತಾರೆ, ಏಣಿಯ ಮೆಟ್ಟಿಲನ್ನೆಲ್ಲ ಅಲ್ಲಾಡಿಸಿ ನೋಡುತ್ತಾರೆ. ಆಮೇಲೆ, "ಇವತ್ತು ಯಾಕೋ ಸರಿ ಕಾಣಲ್ಲ. ಹತ್ತೋದು ಬೇಡ," ಎಂದು, ಕೆಳಗಿನಿಂದ ಕೈಗೆ ಎಟುಕಿದಷ್ಟಕ್ಕೇ ತುತ್ತು ಕೊಡುತ್ತಾರೆ. ಪ್ರವಾಸಿಗರು ಹೊಗೆ ನೋಡಿ, ಕೆಮ್ಮಿ, ಹೊರಟುಹೋಗುತ್ತಾರೆ. ಕಮ್ಮಾರ ಇವರಿಗೆ ಪುಕ್ಕಲಣ್ಣ ಎಂದು ಹೆಸರಿಟ್ಟ. ಮ್ಯಾನೇಜರ್ ಕೂಡ ಬಾಯಿ ತಪ್ಪಿ ಒಮ್ಮೆ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡ. ಇವರಿಗೆ ಬೇಸರವೇನೂ ಇರಲಿಲ್ಲ. ಬದುಕಿರೋ ಪುಕ್ಕಲಣ್ಣ ತಾನೇ, ಎಂದುಬಿಟ್ಟರು.

ಇಂಥ ಮನುಷ್ಯನಿಗೆ ಹುಟ್ಟಿದ ಮಗಳು ಹೇಗಿರಬೇಕು? ಎಲ್ಲರೂ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ನಡೆಯಲು ಬರುವ ಮೊದಲು ಏರಲು ಕಲಿತವಳು. ಮರ, ಗೋಡೆ, ಬೀಸುಕಲ್ಲಿನ ಮನೆಯ ಮಾಡು, ಯಾವುದನ್ನೂ ಬಿಟ್ಟವಳಲ್ಲ. ಓದು ಮುಗಿಸಿ, ಅಪ್ಪನ ಕಸುಬನ್ನೇ ಕಲಿಯುತ್ತೇನೆಂದು ಬಂದು ನಿಂತಳು. ಇವರಿಗೆ ಎದೆ ಒಡೆದುಹೋಯಿತು. ಬೇಡವೆಂದು ಗೋಗರೆದರು, ಮಾತು ಬಿಟ್ಟರು, ನನ್ನ ಮೂಲಕ ಹೇಳಿಸಿದರು. ಅವಳು ಬಗ್ಗಲಿಲ್ಲ. ಕೊನೆಗೆ ಮಣ್ಣು ಮೆತ್ತುವುದು, ಗಂಡಿ ಕಾಯುವುದು, ಹೊಗೆಯ ಬಣ್ಣ ನೋಡುವುದು, ಎಲ್ಲ ಕಲಿಸಿದರು. ಏಣಿ ಮಾತ್ರ ಹತ್ತಿಸಲಿಲ್ಲ. ಹತ್ತಿಸಿದರೂ ಆಗಷ್ಟೇ ಬೆಂಕಿ ಇಟ್ಟ ಹೊಸ ಗೂಡಿಗೆ, ಒಳಗೆ ಇನ್ನೂ ಏನೂ ಕುಗ್ಗಿರದ ದಿನ. ಅವಳು ಮೇಲಿದ್ದಷ್ಟು ಹೊತ್ತೂ ಇವರ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. "ಇದ್ದೀಯಾ?" ಎಂದು ಉಸಿರಿಗೊಂದು ಸಲ ಕೂಗುತ್ತಿದ್ದರು. "ಇದ್ದೀನಪ್ಪಾ, ಉಸಿರಾಡೋಕಾದ್ರೂ ಬಿಡಿ," ಎಂದು ಅವಳು ಮೇಲಿನಿಂದ ನಗುತ್ತಿದ್ದಳು.

ಆ ಕೂಗು ಜನರಿಗೆ ಹಿಡಿಸಿತು. ಮ್ಯಾನೇಜರ್ ಒಳ್ಳೆಯ ಹುಡುಗನೇ, ಆದರೆ ಜನ ಚಪ್ಪಾಳೆ ತಟ್ಟಿದ ಕಡೆಗೆಲ್ಲ ವಾಲುವ ಜಾತಿ. ನೋಡಲು ಬಂದವರೂ ಜೊತೆಗೆ ಕೂಗಲಿ, ಎಲ್ಲರಿಗೂ ಖುಷಿಯಾಗುತ್ತದೆ ಎಂದ. ಕೈಯೆತ್ತಿ ಒಂದು, ಎರಡು, ಮೂರು ಎಂದು ಹೇಳಿಕೊಟ್ಟು, ಎಲ್ಲರಿಂದ "ಇದ್ದೀಯಾ?" ಎಂದು ಕೂಗಿಸತೊಡಗಿದ.

ನಮ್ಮನೆಯವರು ಅವನ ಕೋಣೆಗೇ ಹೋದರು. ಯಾರ ಮುಂದೆಯೂ ದನಿಯೆತ್ತದವರು ಆವತ್ತು ಎತ್ತಿದ್ದರು. "ಅದು ಆಟ ಅಲ್ಲ ಸಾರ್. ದಯವಿಟ್ಟು ನಿಲ್ಲಿಸಿ."

"ಅಯ್ಯೋ, ಯಾಕಿಷ್ಟು ಗಾಬರಿ ಮಾಡ್ಕೋತೀರಾ? ಕೂಗೋದ್ರಿಂದ ಯಾರಿಗೇನಾಗತ್ತೆ?" ಎಂದು ಅವನು ಇವರ ಭುಜ ತಟ್ಟಿ ಕಳಿಸಿದ. ಇವರು ಹೊರಗೆ ಬಂದು ನನ್ನ ಗುಡಿಸಲಿನಲ್ಲಿ ಉಣ್ಣೆಯ ಮೂಟೆಯ ಮೇಲೆ ಕೂತರು. ನಾನು ನೀರು ಕೊಟ್ಟರೆ ಅರ್ಧ ಎದೆಯ ಮೇಲೆ ಚೆಲ್ಲಿಕೊಂಡರು.

ಅದು ನಡೆದ ದಿನ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಪ್ರವಾಸದ ಪತ್ರಿಕೆಗೆ ಬರೆಯುವವರು ಬರುತ್ತಾರೆಂದು ಮ್ಯಾನೇಜರ್ ಇಸ್ತ್ರಿಯ ಬಟ್ಟೆ ಹಾಕಿಕೊಂಡು ಓಡಾಡುತ್ತಿದ್ದ. ಅವರ ಜೊತೆಗೆ ಒಂದು ಬಸ್ಸಿನ ತುಂಬ ಕಾಲೇಜಿನ ಹುಡುಗ ಹುಡುಗಿಯರೂ ಬಂದಿಳಿದರು. ಗೂಡು ಅರ್ಧಕ್ಕಿಂತ ಹೆಚ್ಚು ಬೆಂದಿತ್ತು. ಒಂದು ಮಗ್ಗುಲಲ್ಲಿ ಬಿಳಿ ಹೊಗೆ, ಇನ್ನೊಂದು ಮಗ್ಗುಲಲ್ಲಿ ತೆಳ್ಳನೆಯ ನೀಲಿ, ಎಂದರೆ ಅಲ್ಲಿ ಕಟ್ಟಿಗೆ ಬೆಂದು ಇದ್ದಿಲಾಗಿದೆ. ನಮ್ಮನೆಯವರು ಗಳು ತಟ್ಟುತ್ತ ಹಿಂದಕ್ಕೆ ಹೋದವರು ಅಲ್ಲೇ ನಿಂತರು. ಮತ್ತೆ ತಟ್ಟಿದರು. ನನಗೂ ಕೇಳಿಸಿತು, ಡೋಲಿನ ಸದ್ದು.

"ಹಿಂದೆ ದೊಡ್ಡ ಹೊಟ್ಟೆ ಬಿದ್ದಿದೆ," ಎಂದರು. "ಯಾರೂ ಹತ್ತಬಾರದು. ನಾನು ತುತ್ತಿನ ಕಟ್ಟಿಗೆ ತರ್ತೀನಿ. ಬಂದು ಕೆಳಗಿನಿಂದಲೇ ಏನಾದ್ರೂ ಮಾಡೋಣ."

"ಪುಕ್ಕಲಣ್ಣನ ಪಂಚಾಂಗದಲ್ಲಿ ಒಳ್ಳೆ ದಿನಾನೇ ಇಲ್ಲ," ಎಂದು ಕುಲುಮೆಯ ಬಾಗಿಲಲ್ಲಿ ನಿಂತ ಕಮ್ಮಾರ ನಕ್ಕ. ಇವರು ತಳ್ಳುಗಾಡಿ ಹಿಡಿದು ಬೀಸುಕಲ್ಲಿನ ಆಚೆಗಿನ ಕೊಟ್ಟಿಗೆಯ ಕಡೆ ಹೋದರು.

ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಅತಿಥಿಗಳು ಗೂಡಿನ ಸುತ್ತ ಕಟ್ಟಿದ್ದ ಹಗ್ಗದಾಚೆ ಬಂದು ನಿಂತಿದ್ದರು. ಅವನು ಮಗಳ ಮುಖ ನೋಡಿದ. ನನ್ನ ಮಗಳಿಗೆ ಅಷ್ಟೇ ಸಾಕಾಯಿತು.

"ಮುಂದಿನ ಮಗ್ಗುಲು ಗಟ್ಟಿ ಇದೆಯಲ್ಲಮ್ಮ. ಅಲ್ಲೇ ನಿಂತು ನಾಲ್ಕೇಟು ಬಡಿದು ಇಳೀತೀನಿ."

"ಅಪ್ಪ ಬರ್ಲಿ ಇರೇ."

"ಅಪ್ಪ ಬಂದ್ರೆ ಹತ್ತೋಕೆ ಬಿಡ್ತಾರಾ?" ಎಂದವಳು ನಾನು ಮಡಿಲ ಉಣ್ಣೆ ಕೊಡವಿ ಏಳುವಷ್ಟರಲ್ಲಿ ಏಣಿಯ ಮೇಲಿದ್ದಳು. ಹಾಳಾದವಳೇ ಇಳಿಯೇ ಎಂದು ಕೂಗಿದೆ. ಇಳಿಯುವ ಪೈಕಿಯೇ ಅವಳು? ಹೊಗೆ ಅವಳ ಸೊಂಟ ಮುಚ್ಚಿತು, ಭುಜ ಮುಚ್ಚಿತು, ಆಮೇಲೆ ಏನೂ ಕಾಣಲಿಲ್ಲ. ಇನ್ನು ನಾನು ಮಾಡಬಹುದಾದದ್ದು ಒಂದೇ ಇತ್ತು. ಗೂಡಿನ ಬುಡಕ್ಕೆ ಹೋಗಿ ನಿಂತು ಕೂಗಿದೆ.

"ಇದ್ದೀಯಾ?"

"ಇದ್ದೀನಿ!" ಕೊಡತಿಯ ಸದ್ದು ದಬ್ಬೆಂದಿತು. ಜೀವ ಬಂದಂತಾಯಿತು.

ಮ್ಯಾನೇಜರ್ ಕೈಯೆತ್ತಿದ. ಬಸ್ಸಿನ ಹುಡುಗರೆಲ್ಲ ಒಟ್ಟಿಗೆ, "ಇದ್ದೀಯಾ?" ಎಂದರು. ಬೆಟ್ಟವೇ ಅದುರಿತು. "ಇದ್ದೀನಿ!" ಎಂದಳು ಮಗಳು, ನಗುತ್ತ. ಹೀಗೇ ಕೆಲವು ಸಲ ನಡೆಯಿತು. ಅಷ್ಟರಲ್ಲಿ ಗಾಳಿ ತಿರುಗಿತು. ಹಿಂದಕ್ಕೆ ಹೋಗುತ್ತಿದ್ದ ಹೊಗೆಯೆಲ್ಲ ಮುಂದಕ್ಕೆ ನುಗ್ಗಿ ನನ್ನ ಕಣ್ಣು ಉರಿಯತೊಡಗಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂಗಿದೆ.

"ಇದ್ದೀಯಾ?"

"ಇದ್ದೀನಿ!"

ಉತ್ತರ ನನ್ನ ಬೆನ್ನ ಹಿಂದಿನಿಂದ ಬಂದಿತ್ತು. ಹುಡುಗರಿಗೆ ಪ್ರಶ್ನೆ ಕೇಳಿ ಬೇಸರವಾಗಿ ಉತ್ತರ ಹೇಳಲು ಶುರು ಮಾಡಿದ್ದರು. ಮೊದಲು ಒಬ್ಬ, ಆಮೇಲೆ ನಾಲ್ಕೈದು ಜನ, ಹೆಣ್ಣು ದನಿ ಮಾಡಿಕೊಂಡು. ನಾನು ಮತ್ತೆ ಕೂಗಿದೆ. ಈ ಸಲ ಇಡೀ ಗುಂಪು "ಇದ್ದೀನಿ!" ಎಂದು ಅರಚಿತು. ಅದರೊಳಗೆ ನನ್ನ ಮಗಳ ದನಿ ಇತ್ತೇ? ಇತ್ತು ಅನ್ನಿಸಿತು. ಇರಲಿಲ್ಲ ಅನ್ನಿಸಿತು. ಕೊಡತಿಯ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ ಗೊತ್ತಾಗಲಿಲ್ಲ.

"ಸುಮ್ಮನಿರಿ!" ಎಂದು ತಿರುಗಿ ಕಿರುಚಿದೆ. "ಬಾಯಿ ಮುಚ್ಚಿ ಎಲ್ಲಾರೂ! ನನ್ನ ಮಗಳ ದನಿ ಕೇಳ್ತಿಲ್ಲ!"

ಅವರು ಚಪ್ಪಾಳೆ ತಟ್ಟಿದರು.

ದೇವರಾಣೆ, ತಟ್ಟಿದರು. ಇದೂ ಆಟದ ಭಾಗ, ಈ ಹೆಂಗಸು ಚೆನ್ನಾಗಿ ಮಾಡುತ್ತಾಳೆ ಎಂದುಕೊಂಡರು. ಒಬ್ಬಳು ಮೊಬೈಲು ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ನಾನು ಎದೆ ಬಡಿದುಕೊಂಡೆ, ಅದಕ್ಕೂ ಚಪ್ಪಾಳೆ. ಮ್ಯಾನೇಜರ್‌ಗೆ ಮಾತ್ರ ಅರ್ಥವಾಗಿ, ಅವನು ಬಿಳಿಚಿಕೊಂಡು ಕೈ ಕೆಳಗಿಳಿಸಿ ಗರ ಬಡಿದವನ ಹಾಗೆ ನಿಂತುಬಿಟ್ಟಿದ್ದ. ನಾನು "ಇದ್ದೀಯಾ, ಇದ್ದೀಯಾ" ಎನ್ನುತ್ತಲೇ ಇದ್ದೆ, ಅವರು "ಇದ್ದೀನಿ, ಇದ್ದೀನಿ" ಎನ್ನುತ್ತಲೇ ಇದ್ದರು. ನನ್ನ ಜನ್ಮದಲ್ಲಿ ಅಂಥ ಭಯ ನನಗೆ ಆಗಿರಲಿಲ್ಲ. ಮಗಳು ಮೇಲೆ ಸಾಯುತ್ತಿದ್ದಾಳೆ, ಅವಳು ಇದ್ದಾಳೆಂದು ಊರೆಲ್ಲ ಹೇಳುತ್ತಿದೆ.

ಆಗ ತಳ್ಳುಗಾಡಿ ಮಗುಚಿಬಿದ್ದ ಸದ್ದು ಕೇಳಿಸಿತು. ನಮ್ಮನೆಯವರು ಬರುತ್ತಿದ್ದರು. ಅವರು ಓಡಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಬಿದ್ದರೆ ಎಂಬ ಹೆದರಿಕೆಗೆ ಬಸ್ಸಿನ ಹಿಂದೆಯೂ ಓಡದವರು. ನನ್ನನ್ನು ಏನೂ ಕೇಳಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ. ಪಕ್ಕದಲ್ಲಿ ಬಿದ್ದಿದ್ದ ಎರಡನೆಯ ಏಣಿಯನ್ನು ಎತ್ತಿ ಗೂಡಿನ ಮೇಲೆ ಎಸೆದು, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಹಲ್ಲಿಯ ಹಾಗೆ ತೆವಳುತ್ತ ಹೊಗೆಯೊಳಗೆ ಹೋದರು. ಕಮ್ಮಾರ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದ. "ನೀರು ಹಾಕ್ಬೇಡ! ಆವಿಗೆ ಬೆಂದುಹೋಗ್ತಾಳೆ! ಮಣ್ಣು, ಮಣ್ಣು!" ಎಂದು ಒಳಗಿನಿಂದ ಕೂಗಿದರು. ಅದಾದ ಮೇಲೆ ಅವರ ದನಿಯೂ ನಿಂತಿತು.

ಈಗ ಹುಡುಗರಿಗೂ ತಿಳಿಯಿತು. ಯಾರೂ ಕೂಗಲಿಲ್ಲ. ಇಡೀ ಇಳಿಜಾರಿನಲ್ಲಿ ಬೀಸುಕಲ್ಲಿನ ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕೂಗಬೇಕಾದವಳು ನಾನು. ಬಾಯಿ ತೆರೆದರೆ ದನಿ ಹೊರಡಲಿಲ್ಲ. ಹೆಸರಿಗೆ ಮಾತ್ರ ಬಾಯಿಬಡುಕಿ. ಕೂಗಿದರೆ ಉತ್ತರ ಬರದೇ ಹೋದರೆ? ಕೂಗದಿದ್ದರೆ ಇನ್ನೂ ಇಬ್ಬರೂ ಇದ್ದಾರೆ ಎಂದುಕೊಳ್ಳಬಹುದಲ್ಲ ಎಂದು ನನ್ನ ಹಾಳು ಮನಸ್ಸು ಹೇಳಿತು. ಹೇಗೋ ಉಸಿರೆಳೆದುಕೊಂಡು, "ಇದ್ದೀರಾ?" ಎಂದೆ. ಅದು ನನಗೇ ಸರಿಯಾಗಿ ಕೇಳಲಿಲ್ಲ.

ಏನೂ ಬರಲಿಲ್ಲ. ಮತ್ತೆ ಕೂಗಿದೆ.

"ಇದ್ದೀವಿ!" ಎಂದರು ಅವರು.

ನಾನು ನಿಂತಲ್ಲೇ ಹೋ ಎಂದು ಅತ್ತೆ. ಕಮ್ಮಾರ, ಮ್ಯಾನೇಜರ್, ಆ ಕಾಲೇಜಿನ ಹುಡುಗರು, ಎಲ್ಲ ಏಣಿಯ ಬುಡ ಹಿಡಿದು ಎಳೆದರು. ಇವರು ಹಿಮ್ಮುಖವಾಗಿ ಜಾರುತ್ತ ಬಂದರು. ಎರಡೂ ಕೈಯಲ್ಲಿ ಅವಳ ಕಂಕುಳು ಬಿಗಿಯಾಗಿ ಹಿಡಿದಿದ್ದರು. ಅವಳ ಮುಖ ಮಸಿ ಬಳಿದ ಹಾಗಾಗಿತ್ತು, ಕಣ್ಣು ತೆರೆದೇ ಇತ್ತು, ಬೂಟಿನಿಂದ ಹೊಗೆ ಬರುತ್ತಿತ್ತು. ಕಮ್ಮಾರ ಚಾಕುವಿನಿಂದ ಬೂಟು ಸೀಳಿ ತೆಗೆದ. ಆ ಕಾಲುಗಳನ್ನು ನಾನು ನೋಡಿದೆ, ಹೇಗಿದ್ದವೆಂದು ಹೇಳಲಾರೆ.

ಆಗಿದ್ದು ಇಷ್ಟು. ಗಾಳಿ ತಿರುಗಿ ಹೊಗೆ ಮುಖಕ್ಕೆ ಹೊಡೆದಾಗ ಅವಳು ಕಣ್ಣು ಕಾಣದೆ ಹಿಂದಕ್ಕೆ ಸರಿದಿದ್ದಳು. ಕಾಲು ಏಣಿಯ ಆಚೆ ಬಿತ್ತು, ಮಣ್ಣು ಕುಸಿಯಿತು, ತೊಡೆಯವರೆಗೂ ಒಳಗೆ ಹೋದಳು. ಏಣಿಯನ್ನು ತೋಳಲ್ಲಿ ತಬ್ಬಿ ನೇತಾಡಿದಳು. ಕೂಗಲು ಬಾಯಿ ತೆರೆದರೆ ಹೊಗೆ ನುಗ್ಗಿ ದನಿ ಕಟ್ಟಿತು. ನನ್ನ ಪ್ರಶ್ನೆ ಪ್ರತಿ ಸಲವೂ ಅವಳಿಗೆ ಕೇಳಿಸುತ್ತಿತ್ತಂತೆ, ಅವಳ ಬದಲು ಬೇರೆಯವರು ಹೇಳುತ್ತಿದ್ದ ಉತ್ತರವೂ ಕೇಳಿಸುತ್ತಿತ್ತಂತೆ. ಆಸ್ಪತ್ರೆಯಲ್ಲಿ ಇದನ್ನು ಹೇಳಿದವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಆಸ್ಪತ್ರೆಯಲ್ಲಿ ನಮ್ಮನೆಯವರ ಪುಕ್ಕಲುತನ ಹತ್ತು ಪಟ್ಟಾಯಿತು. ಎರಡೂ ಅಂಗೈಗೆ ಬ್ಯಾಂಡೇಜು, ಎದೆಗೆ ಬ್ಯಾಂಡೇಜು, ಆದರೂ ಮಗಳ ಮಂಚವನ್ನು ಲಿಫ್ಟಿನಲ್ಲಿ ಒಯ್ಯುವ ಮೊದಲು ತಾವು ಒಂದು ಸಲ ಮೇಲೆ ಹೋಗಿ ಕೆಳಗೆ ಬಂದು ನೋಡಲೇಬೇಕೆಂದು ಹಟ ಹಿಡಿದರು. ನರ್ಸು ಹಣೆ ಚಚ್ಚಿಕೊಂಡಳು. ಬೇರೆ ದಿನವಾಗಿದ್ದರೆ ನಾನೂ ಬೈಯುತ್ತಿದ್ದೆ. ಆವತ್ತು, "ನೋಡಿ ಬರ್ಲಿ ಬಿಡಮ್ಮ," ಎಂದೆ.

ಮ್ಯಾನೇಜರ್ ಬಂದು ಬಾಗಿಲಲ್ಲೇ ನಿಂತು ಮಗುವಿನ ಹಾಗೆ ಅತ್ತ. ನನಗೆ ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟಿತ್ತು, ಹಿಡಿಯಲೂ ಹೊರಟಿದ್ದೆ. ಇವರು ಅವನಿಗೆ ಕುರ್ಚಿ ತೋರಿಸಿ, ಕೂತ್ಕೊಳ್ಳಿ ಸಾರ್, ಕಾಲು ಮುರಿದಿದೆ, ಹುಷಾರು, ಎಂದರು. ಮುರಿದಿದ್ದದ್ದು ಕುರ್ಚಿಯ ಕಾಲು. ಅಂದಿನಿಂದ ಮ್ಯೂಸಿಯಂನಲ್ಲಿ ಗೂಡಿನ ಹತ್ತಿರ ನೋಡಲು ಬಂದವರು ಯಾರೂ ಬಾಯಿ ತೆರೆಯುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು.

ಮಗಳ ಕಾಲಿಗೆ ಹೊಸ ಚರ್ಮ ಹಾಕಿದರು. ನಡೆಯುವುದನ್ನು ಎರಡನೆಯ ಸಲ ಕಲಿತಳು. ಮುಂದಿನ ಚಳಿಗಾಲ ಕಳೆಯುವ ಹೊತ್ತಿಗೆ ಕೋಲು ಬಿಟ್ಟಳು. ಬಿಟ್ಟ ದಿನ ಸಂಜೆಯೇ, ಗೂಡು ಹತ್ತುತ್ತೇನೆ ಎಂದಳು.

"ಹತ್ತು ನೋಡ್ತೀನಿ! ಉಳಿದಿರೋ ಕಾಲನ್ನ ನಾನೇ ಮುರಿದು ಕೈಗೆ ಕೊಡ್ತೀನಿ!" ಎಂದು ನಾನು ಹಾರಾಡಿದೆ. ಸಿಟ್ಟಲ್ಲ ಅದು, ಶುದ್ಧ ಹೆದರಿಕೆ. ಆ ದಿನದಿಂದ ಎಲ್ಲಾದರೂ ನಾಲ್ಕು ಜನ ಒಟ್ಟಿಗೆ ಕೂಗಿದರೆ ಸಾಕು, ನನ್ನ ಕೈಯಿಂದ ಉಣ್ಣೆ ಬಿದ್ದುಹೋಗುತ್ತಿತ್ತು. ನನ್ನ ಪಕ್ಕ ಸೇರಿಕೊಳ್ಳಲಿ ಎಂದು ಗಂಡನ ಮುಖ ನೋಡಿದೆ. ಅವರು ಮಗಳ ಮುಖವನ್ನೇ ನೋಡುತ್ತಿದ್ದರು. ಬೇಡ ಎನ್ನಲಿಲ್ಲ. ಇಷ್ಟು ವರ್ಷ ಎಲ್ಲದಕ್ಕೂ ಬೇಡವೆಂದ ಮನುಷ್ಯ.

ಹೊಸ ಗೂಡು ಕಟ್ಟಿದರು, ಬೆಂಕಿ ಇಟ್ಟರು. ಹೊಗೆ ನೀಲಿಗೆ ತಿರುಗುವ ದಿನ ಬಂತು. ಮ್ಯೂಸಿಯಂಗೆ ಅಂದು ರಜೆ, ಇದ್ದವರು ನಾವು ಮೂವರೇ. ಅವರು ಗೂಡಿನ ಸುತ್ತ ಬಂದು, ತಟ್ಟಿ, ಕಿವಿಗೊಟ್ಟು, ಮತ್ತೆ ಸುತ್ತ ಬಂದರು. ಏಣಿ ಮಲಗಿಸಿದರು. ಮಗಳು ಹೊಸ ಬೂಟಿನ ಪಟ್ಟಿ ಬಿಗಿದು, ಕೊಡತಿ ಎತ್ತಿಕೊಂಡು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಲ್ಲೇ ನಿಂತಳು.

"ಅಪ್ಪಾ," ಎಂದಳು. ಆ ದನಿ ನನಗೆ ಹೊಸದು. "ನಂಗೆ ಭಯ ಆಗ್ತಿದೆ."

ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಬಂದದ್ದಿಲ್ಲ. ಇಳಿ, ಇಳಿದು ಬಾ ನನ್ನವ್ವಾ ಎಂದು ನಾನು ಮುಂದೆ ನುಗ್ಗಿದೆ. ಅವರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಅವಳ ಹತ್ತಿರ ಹೋಗಿ, ಎಲ್ಲಿ ನೋವು ಎಂದು ಡಾಕ್ಟರು ಕೇಳುವ ಹಾಗೆ ಕೇಳಿದರು.

"ಭಯ ಎಲ್ಲಿದೆ ಮಗಾ? ಕಾಲಲ್ಲೋ, ಹೊಟ್ಟೇಲೋ?"

ಅವಳು ತನ್ನ ಕಾಲುಗಳನ್ನು ನೋಡಿಕೊಂಡಳು. "ಹೊಟ್ಟೇಲಿ."

"ನಂಗೂ ಯಾವಾಗ್ಲೂ ಅಲ್ಲೇ," ಎಂದರು. "ಕಾಲಲ್ಲಿದ್ರೆ ಹತ್ತಬಾರದು. ಹೊಟ್ಟೇಲಿದ್ರೆ ಅದು ನಿನ್ನನ್ನ ನೋಡ್ಕೊಳ್ಳತ್ತೆ. ಹತ್ತು."

ಅವಳು ಹತ್ತಿದಳು. ಒಂದೊಂದು ಮೆಟ್ಟಿಲನ್ನೂ ಕಾಲಲ್ಲಿ ಒತ್ತಿ ನೋಡುತ್ತ, ನಿಧಾನವಾಗಿ. ನನ್ನ ಭಯ ಮಾತ್ರ ಕಾಲಲ್ಲೇ ಇತ್ತು. ಏಣಿಯ ಬುಡ ಹಿಡಿದುಕೊಂಡು ಮಣ್ಣಿನ ಮೇಲೆ ಕೂತುಬಿಟ್ಟೆ.